ಕಣ್ಣಂಚಿನ ಚಂದ್ರ: ಯಾರ ಹೃದಯ?

“ಮುಟ್ಟಿ ನೋಡಿ. ಕಚ್ಚೋದಿಲ್ಲ,” ಎಂದಳು ಡಾಕ್ಟರ್ ನಿಶಾ.

ಸಬ್ ಇನ್ಸ್‌ಪೆಕ್ಟರ್ ವೈಜಯಂತಿ ಕೈಗಳನ್ನು ಬೆನ್ನ ಹಿಂದೆಯೇ ಕಟ್ಟಿಕೊಂಡಳು. ಮೇಜಿನ ಮೇಲಿನ ಸ್ಟೀಲ್ ತಟ್ಟೆಯಲ್ಲಿ ಒಬ್ಬ ಮನುಷ್ಯನ ಹೃದಯವಿತ್ತು. ಕೆಡದಂತೆ ಎರಡು ತಿಂಗಳು ಫಾರ್ಮಲಿನ್ನಿನಲ್ಲಿ ನೆನೆದು ಅದು ಬೇಯಿಸಿದ ಗೆಣಸಿನ ಬಣ್ಣಕ್ಕೆ ತಿರುಗಿತ್ತು. ಕಾರವಾರದ ಆಸ್ಪತ್ರೆಯ ಆ ಹಿಂಬದಿಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ಕಣ್ಣು ಉರಿಸುವ ವಾಸನೆ ಅಲ್ಲೇ ಸುತ್ತು ಹಾಕುತ್ತಿತ್ತು.

ಆಗಸ್ಟಿನಲ್ಲಿ ಅಮದಳ್ಳಿಯ ದಡಕ್ಕೆ ಬಂದು ಬಿದ್ದ ಹೆಣದ ಹೃದಯ ಅದು; ಹೆಣ ಸುಡಲು ಕೊಡುವಾಗ ಪರೀಕ್ಷೆಗೆಂದು ಉಳಿಸಿಕೊಂಡದ್ದು. ಮುಖವನ್ನು ಮೀನುಗಳು ತಿಂದುಬಿಟ್ಟಿದ್ದವು. ಸೊಂಟದ ಬೆಳ್ಳಿ ಉಡಿದಾರ ನೋಡಿ, ಇದು ನನ್ನ ಗಂಡ, ಬಸ್ ಕಂಡಕ್ಟರ್ ರಾಮನಾಥ ಎಂದು ಬೊಮ್ಮಿ ಹೇಳಿದ್ದಳು. ಎದೆನೋವು ಬಂದು ಕಡಲಿಗೆ ಬಿದ್ದಿರಬೇಕು ಎಂದು ಊರು ತೀರ್ಮಾನಿಸಿತ್ತು. ಆ ಮನೆಯ ಗಂಡಸರು ಸಾಯುವುದೇ ಹಾಗೆ. ಅಪ್ಪ ಗದ್ದೆಯ ಬದುವಿನ ಮೇಲೆ ಕೂತಲ್ಲೇ ಹೋದ. ದೊಡ್ಡ ಮಗ ದೇವು ದೋಣಿ ತಳ್ಳುತ್ತಾ ತಳ್ಳುತ್ತಾ ಹೋದ. ಕೊನೆಯವನು ಸಂದೀಪ ಎದೆಯ ನಾಳದೊಳಗೆ ಸ್ಪ್ರಿಂಗು, ಅಂದರೆ ಸ್ಟೆಂಟು, ಹಾಕಿಸಿಕೊಂಡು ಉಳಿದಿದ್ದ. ನಡುವಿನವ ರಾಮನಾಥನ ಸರದಿ ಬಂತು ಎಂದಾಗ ಯಾರೂ ಎರಡನೆಯ ಪ್ರಶ್ನೆ ಕೇಳಿರಲಿಲ್ಲ.

ನಿಶಾ ಚಿಮಟದ ತುದಿಯಿಂದ ಹೃದಯದ ಮೈಮೇಲಿನ ಒಂದು ಕೊಳವೆಯನ್ನು ಬಿಡಿಸಿ ತೋರಿಸಿದಳು.

“ಇಲ್ಲಿ ನೋಡಿ. ಈ ಮನೆಯವರ ರಕ್ತನಾಳ ನಾನು ಸಾಕಷ್ಟು ನೋಡಿದ್ದೇನೆ. ಹಳೇ ನಲ್ಲಿ ಪೈಪಿನ ಹಾಗೆ ಒಳಗೆಲ್ಲ ಸುಣ್ಣ ಕಟ್ಟಿರ್ತದೆ, ಕತ್ತರಿ ಹಾಕಿದ್ರೆ ಕರಕರ ಅಂತದೆ. ಇದು ಬಾಳೆ ಸುಳಿಯ ಹಾಗೆ ಕೊಯ್ದು ಬಂತು. ಒಂದು ಚುಕ್ಕೆ ಇಲ್ಲ.”

“ಅಂದ್ರೆ ಎದೆನೋವಿಂದ ಸತ್ತಿಲ್ಲ.”

“ಅಷ್ಟೇ ಆಗಿದ್ರೆ ನಿಮ್ಮನ್ನ ಕರೀತಿರ್ಲಿಲ್ಲ.” ನಿಶಾ ಕೈಗವಸು ಕಳಚಿದಳು. “ನಮ್ಮ ರಕ್ತದಲ್ಲಿರೋ ಕೊಬ್ಬನ್ನ ಲಿವರ್ ಹಿಡಿದು ಒಳಗೆ ಎಳ್ಕೊಳ್ತದೆ. ಹಿಡಿಯೋದಕ್ಕೆ ಅದಕ್ಕೊಂದು ಕೈ ಬೇಕಲ್ಲ? ಆ ಕೈ ಮಾಡೋ ಜೀನ್‌ನಲ್ಲಿ ಇವರ ಮನೆತನದಲ್ಲಿ ಒಂದೇ ಒಂದು ಅಕ್ಷರ ತಪ್ಪಿದೆ. ಹುಟ್ಟಿದ ದಿನದಿಂದ್ಲೇ ಕೊಬ್ಬು ರಕ್ತದಲ್ಲಿ ಉಳೀತಾ ಹೋಗ್ತದೆ. ಹೃದಯದ ನಾಳದಲ್ಲಿ ಕೂರ್ತದೆ, ಹಿಮ್ಮಡಿಯ ನರದಲ್ಲಿ ಗಂಟು ಕಟ್ತದೆ. ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ ಬಳೆಯಾಗಿ ಮೂಡ್ತದೆ.”

“ಚಂದ್ರ,” ಎಂದಳು ವೈಜಯಂತಿ.

ಅಮದಳ್ಳಿಯವರು ಅದನ್ನು ಹಾಗೆಯೇ ಕರೆಯುತ್ತಿದ್ದರು. ಆ ಮನೆಯವರ ಕಣ್ಣಲ್ಲಿ ಚಂದ್ರ ಹುಟ್ಟುತ್ತಾನೆ, ಬಳೆ ಪೂರ್ತಿ ತುಂಬಿದ ವರ್ಷ ಎದೆ ನಿಲ್ಲುತ್ತದೆ ಎಂದು ಹೆಂಗಸರು ದನಿ ತಗ್ಗಿಸಿ ಹೇಳುತ್ತಿದ್ದರು.

“ಫಾರ್ಮಲಿನ್‌ಗೆ ಹಾಕೋ ಮೊದಲೇ ಈ ಹೃದಯದ ಒಂದು ತುಣುಕು ತೆಗೆದು ಹೈದರಾಬಾದಿಗೆ ಕಳಿಸಿದ್ದೆ. ಇದರಲ್ಲಿ ಆ ತಪ್ಪಕ್ಷರ ಇಲ್ಲ.”

“ಒಂದೇ ಮನೆಯವ್ರು ಅಂದ ಮಾತ್ರಕ್ಕೆ ಎಲ್ಲರಿಗೂ ಬರ್ಲೇಬೇಕಾ?”

“ಬರ್ಬೇಕಂತಿಲ್ಲ. ನಾಣ್ಯ ಚಿಮ್ಮಿದ ಹಾಗೆ. ತಂದೆಯಿಂದ ಮಗುವಿಗೆ ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ. ರಾಮನಾಥ ಬದುಕಿದ್ದಾಗ ಎಷ್ಟು ಸಲ ಕರೆದ್ರೂ ಸೂಜಿಗೆ ಕೈ ಕೊಡ್ಲಿಲ್ಲ, ಹಾಗಾಗಿ ಅವನದು ಗೊತ್ತಿಲ್ಲ. ನಮ್ಮಣ್ಣ ಪುಣ್ಯವಂತ, ಅವನಿಗೆ ಬಂದಿರ್ಲಿಕ್ಕಿಲ್ಲ ಅಂದ ಸಂದೀಪ. ನಾನೂ ಒಪ್ಪಿದ್ದೆ. ನಿನ್ನೆಯ ತನಕ.”

“ನಿನ್ನೆ ಏನಾಯ್ತು?”

“ಸೌಜನ್ಯಾಳ ರಿಪೋರ್ಟ್ ಬಂತು. ರಾಮನಾಥನ ಮಗಳು. ಅವಳಲ್ಲಿ ತಪ್ಪಕ್ಷರ ಇದೆ.”

ವೈಜಯಂತಿ ಕುರ್ಚಿ ಎಳೆದುಕೊಂಡು ಕೂತಳು. “ತಾಯಿಯಿಂದ ಬಂದಿರ್ಬಹುದಲ್ಲ?”

“ಬೊಮ್ಮಿಯ ರಕ್ತ ಚೊಕ್ಕ. ಎರಡು ಸಲ ನೋಡಿಸಿದ್ದೇನೆ.”

ಹೊರಗೆ ವಾರ್ಡಿನಲ್ಲಿ ಯಾರೋ ಕೆಮ್ಮಿದರು. ತಟ್ಟೆಯಲ್ಲಿದ್ದ ಹೃದಯ ತನ್ನ ಮಾತಿಗೇ ಕಿವಿಗೊಟ್ಟಂತೆ ವೈಜಯಂತಿಗೆ ಅನಿಸಿತು. ಅವಳು ಒಂದೊಂದೇ ಪದ ಎಣಿಸಿದ ಹಾಗೆ ಹೇಳಿದಳು:

“ಒಂದೋ, ಸೌಜನ್ಯಾ ರಾಮನಾಥನ ಮಗಳಲ್ಲ. ಇಲ್ಲಾ, ಅವ್ರು ಸುಟ್ಟ ಹೆಣ ರಾಮನಾಥನದಲ್ಲ.”

“ಮೂರನೇ ದಾರಿ ನನಗೆ ಕಾಣ್ತಿಲ್ಲ.”

“ಸಂದೀಪನ ರಕ್ತದ ಜೊತೆ ಈ ತುಣುಕನ್ನ ಹೋಲಿಸಿದ್ರೆ?”

“ಆಗ ಖಚಿತ ಗೊತ್ತಾಗ್ತದೆ, ಅಣ್ಣ ತಮ್ಮ ಹೌದೋ ಅಲ್ವೋ ಅಂತ. ಆದ್ರೆ ಉತ್ತರ ಬರೋವಷ್ಟರಲ್ಲಿ ದೀಪಾವಳಿ ಮುಗಿದಿರ್ತದೆ.” ನಿಶಾ ತಟ್ಟೆಯ ಮೇಲೆ ಬಟ್ಟೆ ಮುಚ್ಚಿದಳು. “ಅಲ್ಲಿಯ ತನಕ ಉತ್ತರ ಒಬ್ಬಳ ಹತ್ರ ಮಾತ್ರ ಇದೆ. ಆ ಪ್ರಶ್ನೆಯನ್ನ ಒಬ್ಬ ವಿಧವೆಗೆ ಹೇಗೆ ಕೇಳ್ತೀರೋ ನಾ ಕಾಣೆ.”

*

ಜೀಪು ಬಿಣಗಾ ಘಾಟಿ ಇಳಿದು ಅರ್ಗಾದ ನೌಕಾನೆಲೆಯ ಉದ್ದುದ್ದ ಗೋಡೆಯ ಪಕ್ಕದಲ್ಲಿ ಓಡುತ್ತಿತ್ತು. ಓಡಿಸುತ್ತಿದ್ದ ಕಾನ್‌ಸ್ಟೆಬಲ್ ಹೊನ್ನಪ್ಪನಿಗೆ ಇವತ್ತು ಅಮದಳ್ಳಿಗೆ ಹೋಗುವ ಮನಸ್ಸೇ ಇರಲಿಲ್ಲ.

“ಇವತ್ತು ರಾಮನಾಥಂದು ಎರಡನೇ ಮಾಸಿಕ ಮೇಡಮ್. ನಾಳೆ ಹೋದ್ರಾಗೂದಿಲ್ವಾ?”

“ಎಂತಕ್ಕೆ?”

ಹೊನ್ನಪ್ಪ ಗೇರು ಬದಲಿಸಿದ. “ಅಂಕೋಲಾ ಬದಿಯಿಂದ ಬರೂ ಸಂಜೆ ಬಸ್ಸಿಗೆ ಈಗ ಹೊಸಾ ಕಂಡಕ್ಟರು. ಆ ಹುಡ್ಗ ಹೇಳ್ತಾ, ಅಮದಳ್ಳಿ ಸ್ಟಾಪಲ್ಲಿ ಅವ ಸೀಟಿ ಊದೂ ಮೊದ್ಲೇ ಹೊರಗಿನ ಕತ್ತಲಲ್ಲಿ ಯಾರೋ ‘ರೈಟ್’ ಅಂತ್ರು ಅಂತೆ. ಡ್ರೈವರು ಹೌದೇನೋ ಅಂತ ಗಾಡಿ ಬಿಡ್ತಾ. ರಾಮನಾಥನ ದನಿಯೇ ಅಂತ್ರು. ಧೂಳಿಗೆ ಅಂತ ಕರೀ ಕನ್ನಡ್ಕ ಹಾಕಂಡಿ, ಬಾಗ್ಲಲ್ಲಿ ಜೋತಾಡ್ತಾ, ಅವ ಹಾಗೇ ಅಲ್ವಾ ಕೂಗ್ತಿದ್ದದ್ದು.”

ಹಿಲ್ಲೂರಿನ ಕಾಡಿನಂಚಿನಲ್ಲಿ ಬೆಳೆದ ವೈಜಯಂತಿಗೆ ಇಂಥ ಕಥೆ ಹೊಸತಲ್ಲ. ಕಳೆದ ವಾರ ಇದನ್ನೇ ಕೇಳಿ ಅವಳು ನಕ್ಕಿದ್ದಳು. ಇವತ್ತು ನಗು ಬರಲಿಲ್ಲ. ಸತ್ತವನ ದನಿಗೆ ಹೆದರಬಹುದು. ಸಾಯದವನ ದನಿಗೆ ಹೆದರಬೇಕಾದ ಕಾರಣವೇ ಬೇರೆ.

ರಾಮನಾಥನ ಮನೆಗೆ ಹೋಗುವ ದಾರಿಯಲ್ಲೇ ಕಡಲ ದಂಡೆ. ಅಲ್ಲಿ ಸಂದೀಪ ಒದ್ದೆ ಪಂಚೆಯಲ್ಲಿ ಕೈಮುಗಿದು ನಿಂತಿದ್ದ. ಅವನೆದುರು ಬಾಳೆಲೆಯ ಮೇಲೆ ಪಿಂಡ. ಭಟ್ಟರು ಮಂತ್ರ ಮುಗಿಸಿ ಸುಮ್ಮನಾಗಿದ್ದರು. ಮಗುಚಿ ಹಾಕಿದ ದೋಣಿಯ ಬೆನ್ನ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಒಂದೂ ಕೂಗುತ್ತಿರಲಿಲ್ಲ. ಒಂದೂ ಇಳಿಯುತ್ತಿರಲಿಲ್ಲ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಅವೆಲ್ಲ ಕತ್ತು ವಾರೆ ಮಾಡಿ ಅನ್ನವನ್ನು ನೋಡುತ್ತಿದ್ದವು, ಅಷ್ಟೇ.

“ಏನು ಆಸೆ ಉಳೀತೋ ಅಣ್ಣಾ,” ಎಂದ ಸಂದೀಪ ನಡುಗುವ ದನಿಯಲ್ಲಿ. “ಸೌಜನ್ಯಾಳ್ನ ನಾ ನೋಡ್ಕಂತೆ. ಮುಟ್ಟೋ ಮಾರಾಯಾ.”

ಕಾಗೆ ಮುಟ್ಟಲಿಲ್ಲ. ಕೊನೆಗೆ ಒಂದು ತೆರೆ ಬಂದು ಎಲೆಯನ್ನೇ ಎಳೆದುಕೊಂಡು ಹೋಯಿತು.

ಸಂದೀಪ ತಿರುಗಿದಾಗ ವೈಜಯಂತಿ ಅವನ ಕಣ್ಣುಗಳನ್ನು ಹತ್ತಿರದಿಂದ ಕಂಡಳು. ಕಪ್ಪು ಗುಡ್ಡೆಯ ಸುತ್ತ ತೆಳ್ಳಗಿನ, ಹಾಲು ಬಣ್ಣದ ಬಳೆ. ನೋಡುತ್ತಿರುವವನು ಅವನೋ, ಅವನ ಹಿಂದೆ ನಿಂತ ಬೇರೆ ಯಾರೋ ಎಂಬಂಥ ನೋಟ.

“ಮೊದ್ಲ ತಿಂಗ್ಳೂ ಹೀಗೇ ಆಗಿತ್ತು ಮೇಡಮ್. ಅಪ್ಪಂಗೆ, ದೇವಣ್ಣಂಗೆ ಇಟ್ಟಾಗ ಕಾಗೆ ಮುತ್ತಿಗೆ ಹಾಕಿದ್ವು. ಇವಂಗೇ ಎಂತಕ್ಕೆ ಹೀಗೆ?”

“ಹೆಣ ಬಂದ ದಿನ ನೀವು ನೋಡಿದ್ರಾ?”

“ನಾ ಆಸ್ಪತ್ರೆಯಲ್ಲಿದ್ದೆ. ಸ್ಪ್ರಿಂಗು ಹಾಕಿ ಎರಡೇ ದಿವ್ಸ. ಅತ್ಗೇನೇ ಎಲ್ಲ ಮಾಡ್ದದ್ದು.” ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ಈ ಮನೆಯ ಗಂಡಸರಿಗೆ ಆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೇನೋ. “ನೀವು ಎಂತಾ ಹುಡುಕ್ತಿದ್ರಿ ಮೇಡಮ್?”

“ನಿಮ್ಮತ್ತಿಗೆಯ ಜೊತೆ ಮಾತಾಡ್ಬೇಕು,” ಎಂದಷ್ಟೇ ಹೇಳಿ ಅವಳು ಮುಂದೆ ನಡೆದಳು.

*

ಆ ಮನೆಯಲ್ಲಿ ಕನ್ನಡಿಯಿರಲಿಲ್ಲ. ಮೊದಲ ಸಲ ಬಂದಾಗಲೇ ವೈಜಯಂತಿ ಅದನ್ನು ಗಮನಿಸಿದ್ದಳು. ಗೋಡೆಯ ಮೇಲೆ ಕನ್ನಡಿಯಿದ್ದ ಜಾಗದಲ್ಲಿ ಒಂದು ಮೊಳೆ ಮತ್ತು ಬಿಳಿಚಿಕೊಂಡ ಚೌಕ ಮಾತ್ರ ಉಳಿದಿತ್ತು. ತನ್ನ ಕಣ್ಣಲ್ಲಿ ಎಷ್ಟು ಚಂದ್ರ ತುಂಬಿತೆಂದು ದಿನಾ ನೋಡಿಕೊಳ್ಳುವ ಗಂಡಸು ಬದುಕುವುದು ಹೇಗೆ? ದೇವು ಸತ್ತ ಮೇಲೆ ಅವರವ್ವ ಗಂಗಮ್ಮನೇ ಅದನ್ನು ಕಿತ್ತು ಬಾವಿಗೆ ಎಸೆದಿದ್ದಳು.

ಈಗ ಗಂಗಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಪೊಲೀಸರನ್ನು ನೋಡಿ ಏಳಲಿಲ್ಲ. ವೈಜಯಂತಿ ಅವಳ ಪಕ್ಕದಲ್ಲೇ ಕೂತಳು.

“ಕಾಗೆ ಮುಟ್ಟಲಿಲ್ಲ, ಅಲ್ದಾ?” ಎಂದಳು ಮುದುಕಿ.

“ಇಲ್ಲವ್ವಾ.”

“ಮುಟ್ಟೂದಿಲ್ಲ. ನಂಗೆ ಗೊತ್ತಿತ್ತು.” ಅವಳು ಬಾಗಿಲ ಕಡೆ ನೋಡಿ ದನಿ ಇಳಿಸಿದಳು. “ನಾ ಹೆತ್ತವ ಅವ. ಮುಖ ಬ್ಯಾಡ, ಕಾಲಾದ್ರೂ ತೋರ್ಸಿ ಅಂದೆ. ಸಣ್ಣಿರೂವಾಗ ಎಡಗಾಲ ಮೇಲೆ ಕತ್ತಿ ಬಿದ್ದಿ ಒಂದು ಬೆರಳು ಸೊಟ್ಟ ಆಗಿತ್ತು. ಮುಟ್ಟಿದ್ರೆ ಕಣ್ಣು ಮುಚ್ಕಂಡೂ ಹೇಳ್ತಿದ್ದೆ. ಬೊಮ್ಮಿ ಬಿಡ್ಲೇ ಇಲ್ಲ. ನೋಡೂಕಾಗೂದಿಲ್ಲ ಅತ್ತೇ, ನೋಡ್ಬ್ಯಾಡಿ ಅಂದ್ಳು. ಬಟ್ಟೆ ಸುತ್ತಿಸಿ ಸೀದಾ ಸುಡೂಕೆ ತಕಂಡೋದ್ಳು.”

ವೈಜಯಂತಿ ಎದ್ದು ಒಳಗೆ ನಡೆದಳು.

ಬೊಮ್ಮಿ ಒಳಗಿನ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ ನಿಂತಿದ್ದಳು. ಗಟ್ಟಿ ಹೆಂಗಸು. ಮೂಲೆಯ ಸ್ಟೂಲಿನ ಮೇಲೆ ಕಪ್ಪು ಟೆಲಿಫೋನು, ಅದರ ಮೇಲೆ ಒಂದು ಟವೆಲು ಹೊದೆಸಿತ್ತು. ವೈಜಯಂತಿ ಹೊನ್ನಪ್ಪನನ್ನು ಹೊರಗೆ ನಿಲ್ಲಿಸಿ ಬಾಗಿಲು ಮುಂದೆ ಮಾಡಿದಳು.

“ಎಂತಾ ಕೇಳೂಕೆ ಬಂದ್ರಿ, ಕೇಳಿಬಿಡಿ,” ಎಂದಳು ಬೊಮ್ಮಿ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ವೈಜಯಂತಿ ಕೈಬಿಟ್ಟಳು. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಕೇಳಬಾರದ ಪ್ರಶ್ನೆ ಅದು. ಕೊನೆಗೆ ಅವಳು ಸುತ್ತಿಬಳಸದೆ ಹೃದಯದ ವಿಷಯ, ರಕ್ತದ ವಿಷಯ ಹೇಳಿದಳು. ಸೌಜನ್ಯಾಳಿಗೆ ಬಂದದ್ದು ಬೊಮ್ಮಿಯಿಂದ ಬಂದಿಲ್ಲ. ಸುಟ್ಟುಹೋದವನಿಂದಲೂ ಬಂದಿರಲು ಸಾಧ್ಯವಿಲ್ಲ.

ಬೊಮ್ಮಿ ರೆಪ್ಪೆ ಬಡಿಯದೆ ಕೇಳಿದಳು.

“ಅಂದ್ರೆ?”

“ಅಂದ್ರೆ ಎರಡರಲ್ಲಿ ಒಂದು ಸುಳ್ಳು. ಹೆಣವೋ, ಮಗಳೋ. ಯಾವುದು ಅಂತ ನೀವೇ ಹೇಳ್ಬೇಕು.”

ಹೊರಗೆ ತೆಂಗಿನ ಗರಿ ಗೋಡೆಗೆ ಉಜ್ಜುವ ಸದ್ದು. ಬೊಮ್ಮಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಮಗಳು,” ಎಂದಳು. “ಸೌಜನ್ಯಾ ಅವ್ರ ಮಗಳಲ್ಲ. ದೇವು ಭಾವಂದು.”

ಸಂತೆಯಲ್ಲಿ ಬಸಳೆ ಕಟ್ಟಿನ ದರ ಹೇಳಿದ ಹಾಗೆ ಹೇಳಿದ್ದಳು. ಅಳಲಿಲ್ಲ, ತಲೆ ತಗ್ಗಿಸಲಿಲ್ಲ. ಇಪ್ಪತ್ತು ವರ್ಷ ಮುಚ್ಚಿಟ್ಟ ಮಾತು ಹೊರಗೆ ಬರುವಾಗ ಎಲ್ಲಾದರೂ ತೊಡರಬೇಕಲ್ಲ? ಇದು ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ ತೆರೆದುಕೊಂಡಿತ್ತು.

“ದೇವು ಸತ್ತಿದ್ದಾರೆ. ಹೌದು, ಅಲ್ಲ ಅನ್ನೂಕೆ ಅವ್ರು ಬರೂದಿಲ್ಲ,” ಎಂದಳು ವೈಜಯಂತಿ.

“ಅದ್ಕೆ ನಾ ಎಂತಾ ಮಾಡ್ಲಿ?”

“ಬೊಮ್ಮೀ, ನಿಮ್ಮ ಮಾನ ನೀವೇ ಬೀದಿಗೆ ಚೆಲ್ತಿದ್ದೀರಿ. ಸುಮ್ಮನೆ ಯಾರೂ ಹೀಗೆ ಮಾಡೂದಿಲ್ಲ. ಆ ಹೆಣ ರಾಮನಾಥನದೇ ಆಗಿರ್ಬೇಕು ಅಂತ ನಿಮಗೆ ಇಷ್ಟು ಹಟ ಎಂತಕ್ಕೆ?”

ಆಗ ಮುಂದೆ ಮಾಡಿದ್ದ ಬಾಗಿಲು ಕಿರುಗುಟ್ಟಿತು. ಹೊಸ್ತಿಲಲ್ಲಿ ಸೌಜನ್ಯಾ ನಿಂತಿದ್ದಳು. ಕೈಯಲ್ಲಿ ಕಾಲೇಜಿನ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬೆಳಕು ಅವಳ ಮುಖದ ಮೇಲೆ ನೇರ ಬೀಳುತ್ತಿತ್ತು. ಇನ್ನೂ ತುಂಬದ ಬಳೆ ಅವಳ ಕಣ್ಣಿನ ಮೇಲಂಚಿನಲ್ಲಿ ಬಿದಿಗೆಯ ಚಂದ್ರನಂತೆ ಸಣ್ಣಗೆ ಮೂಡಿತ್ತು.

“ಅಪ್ಪನ ಕಣ್ಣಲ್ಲೂ ಇತ್ತು,” ಎಂದಳು ಅವಳು.

“ಒಳಗೆ ಹೋಗೇ,” ಎಂದಳು ಬೊಮ್ಮಿ.

“ನಾ ನೋಡಿದ್ದೆ ಅಮ್ಮಾ. ಈ ಮಳೆಗಾಲದ ಮೊದ್ಲು. ಬಾವಿಕಟ್ಟೆಯಲ್ಲಿ ಕನ್ನಡ್ಕ ತೆಗ್ದಿಟ್ಟಿ ಮುಖ ತೊಳೀತಿದ್ರು. ಟವೆಲು ಕೊಡೂಕೆ ಹೋದೆ. ಬಳೆ ಪೂರ್ತಿ ತುಂಬಿತ್ತು, ಚಿಕ್ಕಪ್ಪಂದಕ್ಕಿಂತ ಜಾಸ್ತಿ. ‘ಅಮ್ಮಂಗೆ ಹೇಳ್ಬ್ಯಾಡ, ಹೆದರ್ತದೆ’ ಅಂದ್ರು.” ಅವಳ ದನಿ ಒಡೆಯಿತು. “ಧೂಳಿಗಲ್ಲ ಅಮ್ಮಾ ಆ ಕರೀ ಕನ್ನಡ್ಕ. ಅದನ್ನ ಮುಚ್ಚೂಕೆ. ನಾ ಅವ್ರ ಮಗಳೇ. ನೀ ಎಂತಕ್ಕೆ ಅಲ್ಲ ಅಂತೀ?”

ಬೊಮ್ಮಿ ಕಿಟಕಿಯ ಸರಳು ಹಿಡಿದು ನಿಂತಳು. ಮೊದಲ ಬಾರಿಗೆ ಅವಳ ಮುಖದಲ್ಲಿ ಏನೋ ಕದಲಿತು. ನಾಚಿಕೆಯಲ್ಲ, ದುಃಖವೂ ಅಲ್ಲ. ಸತ್ತನೆಂದು ಸಾರಿದ ಗಂಡ ತಿರುಗಿ ಬಂದಾನು ಎಂಬಂಥ ಭಯ.

ವೈಜಯಂತಿ ಹತ್ತಿರ ಹೋದಳು. “ನೀವು ಸುಟ್ಟದ್ದು ಯಾರನ್ನ?”

“ಹೆಸ್ರು ಗೊತ್ತಿಲ್ಲ.”

“ಉಡಿದಾರ?”

“ಉಡಿದಾರ ಅವ್ರದೇ. ನಾನೇ ಕೊಡ್ಸಿದ್ದು. ಅದು ಆ ಮೈಮೇಲೆ ನೋಡೂವಾಗ… ಕಾಲು ನೋಡ್ದೆ. ಬೆರಳೆಲ್ಲ ನೆಟ್ಟಗಿತ್ತು. ಆಗ್ಲೇ ಗೊತ್ತಾಯ್ತು.”

“ಗೊತ್ತಾಗಿಯೂ ಗಂಡ ಅಂದ್ರಿ. ರಾಮನಾಥನ ಉಡಿದಾರವನ್ನ ಆ ಹೆಣಕ್ಕೆ ಕಟ್ಟಿದ್ದು ಯಾರು?”

ಬೊಮ್ಮಿ ಬಾಯಿ ತೆರೆದಳು.

ಟವೆಲಿನಡಿಯಲ್ಲಿ ಟೆಲಿಫೋನು ಬಡಿದುಕೊಂಡಿತು.

ಸಣ್ಣ ಕೋಣೆಯಲ್ಲಿ ಆ ಸದ್ದು ಗೋಡೆಯಿಂದ ಗೋಡೆಗೆ ಹಾರಿತು. ಸೌಜನ್ಯಾ ಬೆಚ್ಚಿ ಚೀಲ ಕೆಳಗೆ ಹಾಕಿದಳು. ಬೊಮ್ಮಿ ಎರಡು ಕೈಯನ್ನೂ ಅಡ್ಡ ಹಿಡಿದಳು.

“ಎತ್ಬ್ಯಾಡಿ ಮೇಡಮ್. ದಮ್ಮಯ್ಯ. ಅದು ಮಾಸಿಕದ ದಿವ್ಸ ಬತ್ತದೆ.”

ವೈಜಯಂತಿ ಟವೆಲು ಸರಿಸಿ ರಿಸೀವರ್ ಎತ್ತಿ ಕಿವಿಗಿಟ್ಟಳು. ಮಾತಾಡಲಿಲ್ಲ.

ಮೊದಲು ಉಸಿರು. ದೂರದಲ್ಲಿ ದೋಣಿಯ ಎಂಜಿನ್ನಿನ ಟಕಟಕ. ಆಮೇಲೆ ಹೆಂಗಸಿನ ದನಿ. ಮೆತ್ತಗಿನ, ಸದಾಶಿವಗಡದ ಬದಿಯ ಕೊಂಕಣಿ ರಾಗ ಬೆರೆತ, ನೆರೆಮನೆಯವಳು ಬೇಲಿಯಾಚೆಯಿಂದ ಮಾತಾಡಿಸುವಂಥ ದನಿ.

“ಬೊಮ್ಮಿ ಬಾಯೀ… ಮಾಸಿಕ ಚಂದ ಆಯ್ತಾ? ನನ್ನ ಗಂಡನ ಮಾಸಿಕ?”

ಸುಟ್ಟುಹೋದವನ ಹೆಂಡತಿ ಇವಳು! ವೈಜಯಂತಿ “ಹೂಂ” ಎಂದಷ್ಟೇ ಗೊಣಗಿದಳು.

“ಪುಣ್ಯ ಬರ್ಲಿ ನಿಮ್ಗೆ. ನಂಗೆ ಮಾಡೂಕೆ ಹೆಣವೇ ಸಿಗ್ಲಿಲ್ಲ ನೋಡಿ.” ಆ ಹೆಂಗಸು ನಿಟ್ಟುಸಿರು ಬಿಟ್ಟಳು. “ಇವತ್ತು ಬೇರೆ ಮಾತು ಉಂಟು ಬಾಯೀ. ನಿಮ್ಮೋರು ಇಲ್ಲೇ, ನನ್ನ ಎದುರಿಗೇ ಗೋಡೆಗೆ ಒರಗಿ ಕೂತವ್ರೆ. ಬೆಳಿಗ್ಗಿಂದ ಎದೆ ಒತ್ತತದೆ ಅಂತ್ರು. ಮೈಯೆಲ್ಲ ಬೆವ್ರು. ಎಡಗೈ ಎತ್ತೂಕೆ ಆಗೂದಿಲ್ಲಂತೆ. ನಾಲಿಗೆ ಅಡಿಗೆ ಇಡೂ ಮಾತ್ರೆ ಇರ್ತದಲ್ಲಾ, ಅದು ನನ್ನ ಮುಷ್ಟಿಯಲ್ಲಿ ಉಂಟು.”

ಆ ದನಿಯ ಹಿಂದಿನಿಂದ ಇನ್ನೊಂದು ಸದ್ದು ಬಂತು. ಗಂಡಸೊಬ್ಬ ಹಲ್ಲು ಕಚ್ಚಿ ನೋವು ನುಂಗುವ ಸದ್ದು.

“ಕೊಡ್ಲಾ, ಬ್ಯಾಡ್ವಾ? ನೀವು ಹೇಳಿದ ಹಾಗೆ ಮಾಡ್ತೆ. ನಿಮ್ಮ ಬಾಯಿಂದ ಕೇಳ್ಬೇಕು.”

ವೈಜಯಂತಿ ಅಂಗೈಯಿಂದ ರಿಸೀವರಿನ ಬಾಯಿ ಮುಚ್ಚಿದಳು. ತಾನು ಒಂದು ಮಾತಾಡಿದರೆ ಅವಳು ಫೋನ್ ಇಡುತ್ತಾಳೆ. ಇಟ್ಟರೆ ರಾಮನಾಥ ಎಲ್ಲಿದ್ದಾನೆಂದು ತಿಳಿಯುವ ದಾರಿಯೇ ಇಲ್ಲ.

“ರಾಮನಾಥ ಜೀವಂತ ಇದ್ದಾರೆ,” ಎಂದಳು ಪಿಸುದನಿಯಲ್ಲಿ. “ಎದೆನೋವು ಶುರುವಾಗಿದೆ. ಮಾತ್ರೆ ಅವಳ ಕೈಯಲ್ಲಿದೆ. ‘ಕೊಡು’ ಅನ್ನಿ. ಅಷ್ಟೇ ಅನ್ನಿ. ಮತ್ತೆ ಮಾತಿಗೆ ಎಳೀತಾ ಇರಿ.”

“ಅಪ್ಪಾ!” ಎಂದು ಸೌಜನ್ಯಾ ಮುನ್ನುಗ್ಗಿದಳು. ವೈಜಯಂತಿ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

ಬೊಮ್ಮಿ ಆಗಲಿ ಎಂಬಂತೆ ತಲೆಯಾಡಿಸಿದಳು. ಸೆರಗು ಸರಿಮಾಡಿಕೊಂಡಳು. ರಿಸೀವರ್ ತೆಗೆದುಕೊಂಡು, ಮಗಳ ಕಣ್ಣನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ನಿಚ್ಚಳವಾದ ದನಿಯಲ್ಲಿ ಹೇಳಿದಳು:

“ಕೊಡ್ಬ್ಯಾಡ.”

ಮತ್ತು ಫೋನ್ ಇಟ್ಟುಬಿಟ್ಟಳು.